ಮೂರು ಸಿಲಿಂಡರಿನ ಸಂಸಾರ

ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಬಾನೆಟ್ ಎತ್ತಿದರೆ ಸಾಕು, ನಮ್ಮ ಕಡೆ ಐದು ನಿಮಿಷದೊಳಗೆ ಒಂದು ಪರಿಷತ್ತು ಕೂಡುತ್ತದೆ. ಅದಕ್ಕೆ ಆಹ್ವಾನ ಪತ್ರಿಕೆ ಬೇಡ, ಅಧ್ಯಕ್ಷರೂ ಬೇಡ. ಹಾಲಿನ ಪ್ಯಾಕೆಟ್ ಹಿಡಿದು ಮನೆಗೆ ಹೊರಟವರು, ಸ್ಕೂಟರ್ ನಿಲ್ಲಿಸಿ ಒಂದು ಕಾಲೂರಿದವರು, ಎದುರು ಮನೆಯ ನಿವೃತ್ತ ಹೆಡ್‌ಮಾಸ್ತರು, ಯಾರು ಬೇಕಾದರೂ ಸದಸ್ಯರು. ಕಾರು ಓಡಿಸಲು ಬಾರದವರಿಗೆ ಇಲ್ಲಿ ಮಾತಾಡುವ ಹಕ್ಕು ಸ್ವಲ್ಪ ಜಾಸ್ತಿಯೇ. ಒಬ್ಬರು ಪೆಟ್ರೋಲಿನಲ್ಲಿ ಕಸ ಅನ್ನುತ್ತಾರೆ. ಇನ್ನೊಬ್ಬರು ಕಾಯಿಲ್ ಸುಟ್ಟಿದೆ ಅನ್ನುತ್ತಾರೆ. ಮೂರನೆಯವರು ಏನೂ ಹೇಳದೆ ಬ್ಯಾಟರಿ ಟರ್ಮಿನಲನ್ನು ಅಲ್ಲಾಡಿಸಿ ನೋಡಿ, ಕೈ ಒರೆಸಿಕೊಳ್ಳಲು ನಮ್ಮ ಬಟ್ಟೆಯನ್ನೇ ಕೇಳುತ್ತಾರೆ. ಅಷ್ಟು ಹೊತ್ತು ಬೆನ್ನ ಹಿಂದೆ ಕೈ ಕಟ್ಟಿಕೊಂಡು ಸುಮ್ಮನೆ ನಿಂತಿದ್ದ ನಾಲ್ಕನೆಯವರು ಕೊನೆಗೆ ಬಾಯಿ ಬಿಟ್ಟು, “ಕಂಪ್ರೆಷನ್ ಇಲ್ಲ ಸಾರ್” ಎಂದುಬಿಡುತ್ತಾರೆ. ಅಲ್ಲಿಗೆ ಪರಿಷತ್ತು ಬರಖಾಸ್ತು. ಆ ಮಾತಿನ ಮೇಲೆ ಇನ್ನೊಂದು ಮಾತಿಲ್ಲ.

ಕಂಪ್ರೆಷನ್ ಎಂಬ ಮಾತಿಗೆ ಇಷ್ಟು ತೂಕ ಬಂದಿರುವುದು ಅದು ಯಾರ ಕಣ್ಣಿಗೂ ಕಾಣದೆ ಇರುವುದರಿಂದ. ಟಯರು ಸವೆದರೆ ಕಾಣುತ್ತದೆ, ರೇಡಿಯೇಟರ್ ಸೋರಿದರೆ ನೆಲ ಒದ್ದೆಯಾಗುತ್ತದೆ, ಸೈಲೆನ್ಸರ್ ತೂತಾದರೆ ಇಡೀ ಬೀದಿಗೆ ಕೇಳಿಸುತ್ತದೆ. ಸಿಲಿಂಡರಿನ ಒಳಗಿನ ಸಂಗತಿ ಹಾಗಲ್ಲ. ಅದು ಕಬ್ಬಿಣದ ಗೋಡೆಗಳ ನಡುವೆ, ತಲೆಯ ಮೇಲೆ ಹೆಡ್ಡು ಮುಚ್ಚಿಕೊಂಡು ನಡೆಯುವ ವ್ಯವಹಾರ. ಕಾಣದ್ದರ ಬಗ್ಗೆ ಯಾರು ಏನು ಹೇಳಿದರೂ ಇಲ್ಲವೆನ್ನುವುದು ಕಷ್ಟ. ನಮ್ಮ ಜೇಬಿಗೆ ಅತ್ಯಂತ ದುಬಾರಿಯಾಗುವ ಮಾತುಗಳೆಲ್ಲ ಹೀಗೆ ಕಾಣದ ಜಾಗದಿಂದಲೇ ಬರುತ್ತವೆ.

ನಮ್ಮ ಮನೆಯದು ಹಳೆಯ ಮಾರುತಿ 800, ಕಾರ್ಬ್ಯುರೇಟರ್ ಇರುವ ಕಾಲದ್ದು. 1983ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿಯವರು ಮೊದಲ ಗ್ರಾಹಕರ ಕೈಗೆ ಕೀಲಿಕೈ ಇಟ್ಟಾಗ ಹುಟ್ಟಿದ ವಂಶ ಅದು. 2014ರ ಜನವರಿಯಲ್ಲಿ ಕಾರ್ಖಾನೆ ಅದರ ತಯಾರಿಕೆ ನಿಲ್ಲಿಸಿತು. ವಂಶ ನಿಂತರೂ ನಮ್ಮ ಮನೆಯ ಕುಡಿ ಮೈಸೂರಿನ ಪೋರ್ಟಿಕೋದಲ್ಲಿ ಸುಖವಾಗಿಯೇ ಇತ್ತು. ಇದ್ದಕ್ಕಿದ್ದಂತೆ ಅದಕ್ಕೆ ಪಿಕಪ್ ಹೋಯಿತು. ಸಿಗ್ನಲ್ಲಿನಲ್ಲಿ ನಿಂತಾಗ ಸ್ಟಿಯರಿಂಗ್ ನಡುಗತೊಡಗಿತು. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ತಿರುವನ್ನು ಎರಡನೆಯದರಲ್ಲಿ ಹತ್ತಲೂ ಗೊಣಗತೊಡಗಿತು. ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿನವರು ಬಾನೆಟ್ ಎತ್ತಿ, ಎರಡು ಸಲ ರೇಸ್ ಕೊಟ್ಟು, ತಲೆ ಅಲ್ಲಾಡಿಸಿದರು.

“ಇಂಜಿನ್ ಇಳಿಸ್ಬೇಕು ಸಾರ್. ಬೋರಿಂಗ್ ಮಾಡ್ಸಿ, ಹೊಸ ಪಿಸ್ಟನ್ನು ರಿಂಗು ಹಾಕಿದ್ರೆ ಗಾಡಿ ಹೊಸಾದಾಗೋಗುತ್ತೆ.”

“ಏನು ನೋಡಿ ಹೇಳ್ತೀರಿ?”

“ಸೌಂಡಲ್ಲೇ ಗೊತ್ತಾಗುತ್ತಲ್ಲ ಸಾರ್.”

ಅವರು ಹೇಳಿದ ಮೊತ್ತ ಕೇಳಿದಾಗ ನನ್ನ ಸೌಂಡೂ ಸ್ವಲ್ಪ ಬದಲಾಯಿತು. ಯೋಚಿಸಿ ಹೇಳುತ್ತೇನೆಂದು ಗಾಡಿ ತಿರುಗಿಸಿಕೊಂಡು ಬಂದೆ. ನಾವು ಯೋಚಿಸಿ ಹೇಳುತ್ತೇನೆ ಅನ್ನುವುದು ಎರಡೇ ಸಂದರ್ಭದಲ್ಲಿ, ಹೆಣ್ಣು ನೋಡಿ ಬಂದಾಗ ಮತ್ತು ಎಸ್ಟಿಮೇಟು ನೋಡಿ ಬಂದಾಗ.

ಸಿಲಿಂಡರಿನೊಳಗೆ ನಡೆಯುವುದು ತಿಳಿದುಕೊಂಡರೆ ತುಂಬ ಸರಳ, ಸರಳವಾಗಿರುವುದರಿಂದಲೇ ಸೊಗಸು. ಈ ಕಾರಿನಲ್ಲಿ ಮೂರು ಸಿಲಿಂಡರು. ಒಂದೊಂದರ ಬಾಯಿ 68.5 ಮಿಲಿಮೀಟರ್, ಒಳಗಿನ ಪಿಸ್ಟನ್ ಮೇಲಿಂದ ಕೆಳಕ್ಕೆ ಓಡುವ ದೂರ 72 ಮಿಲಿಮೀಟರ್. ಮೂರರದ್ದೂ ಗುಣಿಸಿ ಕೂಡಿಸಿದರೆ 796 ಘನ ಸೆಂಟಿಮೀಟರ್. 800 ಎಂಬ ಹೆಸರಿನ ಗುಟ್ಟು ಅಷ್ಟೇ. ಪಿಸ್ಟನ್ ಕೆಳಗಿಳಿಯುವಾಗ ಗಾಳಿ-ಪೆಟ್ರೋಲನ್ನು ಒಳಗೆಳೆಯುತ್ತದೆ, ಮೇಲೇರುವಾಗ ಅದನ್ನು ಎಂಟು-ಒಂಬತ್ತರಲ್ಲಿ ಒಂದು ಪಾಲಿನ ಜಾಗಕ್ಕೆ ಒತ್ತುತ್ತದೆ, ಪ್ಲಗ್ಗು ಕಿಡಿ ಹಾರಿಸುತ್ತದೆ, ಉರಿದ ಗಾಳಿ ಪಿಸ್ಟನನ್ನು ಕೆಳಕ್ಕೆ ದಬ್ಬುತ್ತದೆ, ಹೊಗೆ ಆಚೆ ಹೋಗುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿನಲ್ಲೂ ಇದು ಸೆಕೆಂಡಿಗೆ 25 ಸಲ ನಡೆಯುತ್ತದೆ. ನಾವು ಒಳಗೆ ಕೂತು ಹಾಡು ಕೇಳುತ್ತಿರುತ್ತೇವೆ.

ಇದರಲ್ಲಿ ಮುಖ್ಯವಾದದ್ದು ಒತ್ತುವ ಕೆಲಸ. 1860ರಲ್ಲಿ ಪ್ಯಾರಿಸ್ಸಿನ ಲೆನ್ವಾರ್ ಮಾಡಿದ ಎಂಜಿನ್ನು ಗ್ಯಾಸನ್ನು ಒತ್ತದೆಯೇ ಉರಿಸುತ್ತಿತ್ತು. ಓಡುತ್ತಿತ್ತು, ಆದರೆ ಗ್ಯಾಸನ್ನು ನುಂಗಿ ನೀರು ಕುಡಿಯುತ್ತಿತ್ತು. 1876ರಲ್ಲಿ ಜರ್ಮನಿಯ ನಿಕೊಲಾಸ್ ಓಟ್ಟೋ ಉರಿಸುವ ಮೊದಲು ಒತ್ತುವ ನಾಲ್ಕು ಹೊಡೆತದ ಎಂಜಿನ್ ಮಾಡಿ ತೋರಿಸಿದ. ಇವತ್ತಿನ ಪೆಟ್ರೋಲ್ ಕಾರೂ ಆ ದಾರಿಯಲ್ಲೇ ಇದೆ. ಒತ್ತಡ ನಿಲ್ಲಬೇಕಾದರೆ ಮೂರು ಬಾಗಿಲು ಭದ್ರವಾಗಿರಬೇಕು. ಪಿಸ್ಟನ್ನಿನ ಸುತ್ತ ಕೂತ ರಿಂಗುಗಳು ಒಂದು. ಮೇಲಿನ ವಾಲ್ವುಗಳು ಎರಡು. ಬ್ಲಾಕಿಗೂ ಹೆಡ್ಡಿಗೂ ನಡುವಿನ ತೆಳ್ಳನೆಯ ಗ್ಯಾಸ್ಕೆಟ್ ಮೂರು. ಈ ಮೂರರಲ್ಲಿ ಯಾವುದು ಸಡಿಲವಾದರೂ ಹೊರಗಿನಿಂದ ನೋಡುವವರಿಗೆ ಒಂದೇ ಸಂಕಟ: ಪಿಕಪ್ ಇಲ್ಲ. ಆದರೆ ರಿಪೇರಿಯ ಖರ್ಚು ಮಾತ್ರ ಮೂರಕ್ಕೂ ಬೇರೆ ಬೇರೆ. ಹಾಗಾಗಿ ಯಾವ ಬಾಗಿಲು ಎಂದು ಕೇಳದೆ ಮನೆಯನ್ನೇ ಕೆಡವಿಸುವುದು ಜಾಣತನವಲ್ಲ.

ನಮ್ಮ ಬಡಾವಣೆಯ ತುದಿಯಲ್ಲಿ, ಹುಣಸೆ ಮರದ ಕೆಳಗೆ ಶೀಟು ಹೊದಿಸಿಕೊಂಡು ಒಬ್ಬರು ವಯಸ್ಸಾದ ಮೇಸ್ತ್ರಿ ಇದ್ದಾರೆ. ಅವರ ಬಳಿ ಕಂಪ್ರೆಷನ್ ನೋಡಲು ಇರುವ ಉಪಕರಣ ಅವರ ಹೆಬ್ಬೆಟ್ಟು. ಪ್ಲಗ್ಗು ಬಿಚ್ಚಿ, ಆ ತೂತಿನ ಮೇಲೆ ಹೆಬ್ಬೆಟ್ಟು ಒತ್ತಿಟ್ಟು, “ಸೆಲ್ಫ್ ಹೊಡೀರಿ” ಅನ್ನುತ್ತಾರೆ. ಒಳ್ಳೆಯ ಸಿಲಿಂಡರಾದರೆ ಗಾಳಿ ಬೆರಳನ್ನು ಪಟ್ಟೆಂದು ಎತ್ತಿ ಬಿಸಾಡುತ್ತದೆ. ಎಸೆಯಲೇಬೇಕು; 14 ಮಿಲಿಮೀಟರ್ ತಿರುಪಿನ ಮರೆಯ ಆ ಸಣ್ಣ ತೂತಿನಲ್ಲೂ ಒಳಗಿನ ಒತ್ತಡ ಹದಿಮೂರು-ಹದಿನಾಲ್ಕು ಕಿಲೋ ತೂಕದಷ್ಟು ಬಲದಿಂದ ಮೇಲೆ ನೂಕುತ್ತದೆ. ಅದೇ ಒತ್ತಡ ಕೆಳಗೆ ಪಿಸ್ಟನ್ನಿನ ತಲೆಯ ಮೇಲೆ ಬೀಳುವಾಗ ನಾಲ್ಕು ಕ್ವಿಂಟಲ್ ಮೀರುತ್ತದೆ, ಇನ್ನೂ ಕಿಡಿ ಹಾರುವ ಮೊದಲೇ. ಮೇಸ್ತ್ರಿಯವರ ಹೆಬ್ಬೆಟ್ಟಿಗೆ ನನ್ನ ಪೂರ್ಣ ಗೌರವವಿದೆ. ಅದು ಇದೆಯೋ ಇಲ್ಲವೋ ಎಂಬುದನ್ನು ಖಚಿತವಾಗಿ ಹೇಳುತ್ತದೆ. ಎಷ್ಟಿದೆ ಎಂಬುದನ್ನು ಹೇಳುವುದಿಲ್ಲ. ಒತ್ತಡ 160 ಪಿಎಸ್‌ಐ ಇದ್ದರೂ ಬೆರಳು ಹಾರುತ್ತದೆ, 120 ಇದ್ದರೂ ಹಾರುತ್ತದೆ. ನನ್ನ ಪ್ರಶ್ನೆ ಇದ್ದದ್ದು ಆ ನಡುವಿನ 40ರಲ್ಲಿ.

ಅದಕ್ಕೆ ಬೇಕಾದದ್ದು ಕಂಪ್ರೆಷನ್ ಗೇಜು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಾಹನದ ಬಿಡಿಭಾಗ ಹುಡುಕುತ್ತ ಅಲೆಯುವುದು ಕೆಲವರಿಗೆ ತೀರ್ಥಯಾತ್ರೆಯ ಸಮಾನ. ಆ ಕೆಲವರಲ್ಲಿ ನಾನೂ ಒಬ್ಬ. ಗೇಜು ಅಂಥ ದೊಡ್ಡ ವಸ್ತುವೇನಲ್ಲ. ಒಂದು ಗುಂಡು ಮುಖ, ಒಂದು ಮುಳ್ಳು, ಗಟ್ಟಿ ರಬ್ಬರಿನ ಕೊಳವೆ, ತುದಿಯಲ್ಲಿ ಪ್ಲಗ್ಗಿನ ಅಳತೆಯದೇ ಮರೆ. ಕೊಳವೆಯ ತುದಿಯಲ್ಲಿ ಒಂದು ಪುಟ್ಟ ವಾಲ್ವು. ಒಳಗೆ ಹೋದ ಗಾಳಿಯನ್ನು ಅದು ಹಿಂದಕ್ಕೆ ಬಿಡುವುದಿಲ್ಲ, ಆದ್ದರಿಂದ ಮುಳ್ಳು ಏರಿದಲ್ಲೇ ನಿಂತು ನಮಗೆ ಓದಲು ಪುರುಸೊತ್ತು ಕೊಡುತ್ತದೆ. ಪಕ್ಕದ ಗುಂಡಿ ಒತ್ತಿದರೆ ಪುಸ್ ಎಂದು ಸೊನ್ನೆಗೆ ಇಳಿಯುತ್ತದೆ. ಲೆಕ್ಕ ಪಿಎಸ್‌ಐ, ಪೆಟ್ರೋಲ್ ಬಂಕಿನಲ್ಲಿ ಗಾಳಿ ಹೊಡೆಯುವ ಹುಡುಗ “ಎಷ್ಟಿಡ್ಲಿ ಸಾರ್” ಎಂದು ಕೇಳುವ ಅದೇ ಲೆಕ್ಕ. ಟಯರಿಗೆ ಮೂವತ್ತರ ಆಸುಪಾಸು ಸಾಕು. ಆರೋಗ್ಯವಾಗಿರುವ ಪೆಟ್ರೋಲ್ ಸಿಲಿಂಡರು ಸಾಮಾನ್ಯವಾಗಿ 125ರಿಂದ 180ರವರೆಗೆ ತೋರಿಸುತ್ತದೆ.

ಈ ಕೆಲಸಕ್ಕೆ ಭಾನುವಾರದ ಬೆಳಗ್ಗೆ ಪ್ರಶಸ್ತ. ಗಡಿಬಿಡಿಯವರಿಗೆ ಇದು ಹೇಳಿಸಿದ್ದಲ್ಲ. ಮೊದಲು ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು. ಸೆಲ್ಫ್ ಮೋಟರು ಮುಕ್ಕರಿಸುತ್ತ ತಿರುಗಿದರೆ ಎಲ್ಲ ಸಿಲಿಂಡರೂ ಸುಮ್ಮಸುಮ್ಮನೆ ಕಡಿಮೆ ತೋರಿಸುತ್ತವೆ. ಆಮೇಲೆ ಎಂಜಿನ್ ಬೆಚ್ಚಗಾಗಬೇಕು. ಲೋಹ ಹಿಗ್ಗಿ ತನ್ನ ತನ್ನ ಜಾಗದಲ್ಲಿ ಕೂತ ಮೇಲೆ ಸಿಗುವ ಅಂಕಿಯೇ ನಿಜವಾದ ಅಂಕಿ. ಹಾಗೆಂದು ಕುದಿಯುವ ಎಂಜಿನ್ನಿನ ಪ್ಲಗ್ಗಿಗೆ ಕೈ ಹಾಕಬಾರದು. ಹೆಡ್ಡು ಅಲ್ಯೂಮಿನಿಯಮ್ಮಿನದು, ಪ್ಲಗ್ಗು ಉಕ್ಕಿನದು. ತೀರಾ ಬಿಸಿಯಲ್ಲಿ ಬಲವಂತ ಮಾಡಿದರೆ ಮೆತ್ತಗಿರುವುದರ ಮರೆ ಕಿತ್ತುಬರುತ್ತದೆ. ಒಂದು ಸುತ್ತು ಹೋಗಿಬಂದು, ಬಾನೆಟ್ ತೆರೆದಿಟ್ಟು, ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಬಿಟ್ಟರೆ ಹದ ಸಿಗುತ್ತದೆ. ಯಂತ್ರದ ಕೆಲಸದ ನಡುವೆ ಕಾಫಿಯೂ ವಿಧಿಯ ಒಂದು ಭಾಗವಾಗಿರುವುದು ನನಗೆ ಬಹಳ ಹಿಡಿಸಿದ ಸಂಗತಿ.

ಪ್ಲಗ್ಗಿನ ಸುತ್ತ ಕೂತ ಧೂಳನ್ನು ಊದಿ ತೆಗೆಯಬೇಕು, ಇಲ್ಲದಿದ್ದರೆ ಬಿಚ್ಚಿದ ಕೂಡಲೇ ಅದು ಸಿಲಿಂಡರಿನೊಳಗೆ ಇಳಿಯುತ್ತದೆ. ಕಾಯಿಲಿಗೆ ಹೋಗುವ ಸಣ್ಣ ವೈರು ಬಿಚ್ಚಿಟ್ಟರೆ ಕಿಡಿ ಹುಟ್ಟುವುದಿಲ್ಲ. ಇದು ಮರೆಯುವಂಥದ್ದಲ್ಲ, ತೆರೆದ ತೂತುಗಳಿಂದ ಪೆಟ್ರೋಲಿನ ಆವಿ ಹೊರಗೆ ಬರುತ್ತಿರುತ್ತದೆ, ಹತ್ತಿರದಲ್ಲಿ ಕಿಡಿಯೂ ಬೇಡ, ಬೀಡಿಯೂ ಬೇಡ. ಮೂರು ಪ್ಲಗ್ಗುಗಳನ್ನೂ ಬಿಚ್ಚಿ, ಬಂದ ಸಾಲಿನಲ್ಲೇ ಒಂದು ಹಳೆಯ ಪತ್ರಿಕೆಯ ಮೇಲೆ ಮಲಗಿಸುತ್ತೇನೆ. ಟೈಮಿಂಗ್ ಬೆಲ್ಟ್ ಇರುವ ಕಡೆಯದು ಒಂದನೆಯದು.

ಇಲ್ಲಿ ಸ್ವಲ್ಪ ಕೂತು ನೋಡಬೇಕು. ಪ್ಲಗ್ಗಿನ ತುದಿ ಒಳಗಿನ ವರ್ತಮಾನ ಹೊತ್ತು ತಂದಿರುತ್ತದೆ. ತುದಿಯ ಪಿಂಗಾಣಿ ಗ್ಲೂಕೋಸ್ ಬಿಸ್ಕತ್ತಿನ ಬಣ್ಣದಲ್ಲಿದ್ದರೆ ಅಲ್ಲಿ ಎಲ್ಲವೂ ಕ್ಷೇಮ. ಒಣ ಮಸಿ ಹತ್ತಿದ್ದರೆ ಪೆಟ್ರೋಲ್ ಹೆಚ್ಚಾಗಿ ಬರುತ್ತಿದೆ. ಜಿಡ್ಡುಜಿಡ್ಡಾದ ಕಪ್ಪಾದರೆ ಎಂಜಿನ್ ಆಯಿಲ್ ಮೇಲೆ ಬರುತ್ತಿದೆ. ಬೆಳ್ಳಗೆ ಸುಟ್ಟಿದ್ದರೆ ಪೆಟ್ರೋಲ್ ಸಾಲದೆ ಶಾಖ ಏರಿದೆ. ನನ್ನ ಒಂದು ಮತ್ತು ಎರಡನೆಯವು ಬಿಸ್ಕತ್ತಿನ ಬಣ್ಣದಲ್ಲೇ ಇದ್ದವು. ಮೂರನೆಯದು ಮಸಿ ಹಿಡಿದಿತ್ತು, ಆದರೆ ಒಣಗಿತ್ತು. ಅರೆಬರೆ ಉರಿದ ಸಿಲಿಂಡರಿನ ಗುರುತು ಅದು. ಆಯಿಲ್ ಮಾತ್ರ ಇರಲಿಲ್ಲ. ರಿಂಗು ಪೂರ್ತಿ ಸವೆದಿದ್ದರೆ ಆಯಿಲ್ ಇಷ್ಟು ಸಭ್ಯವಾಗಿ ಕೆಳಗೇ ಉಳಿಯುತ್ತಿತ್ತೇ ಎಂದು ಅನುಮಾನ ಶುರುವಾಯಿತು. ಗ್ಯಾರೇಜಿನವರ ಮೇಲೆ ಅನುಮಾನ ಪಡುವುದರಲ್ಲಿ ಒಂದು ಸಣ್ಣ ಸುಖವಿದೆ, ಅದನ್ನು ಅಲ್ಲಗಳೆಯುವುದಿಲ್ಲ.

ಗೇಜಿನ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಮುಳ್ಳು ನೋಡಬೇಕು, ಇನ್ನೊಬ್ಬರು ಒಳಗೆ ಕೂತು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಆಕ್ಸಿಲರೇಟರ್ ಒತ್ತದಿದ್ದರೆ ಒಳಗೆ ಹೋಗುವ ಗಾಳಿಯೇ ಕಡಿಮೆಯಾಗಿ ಅಂಕಿ ಸುಳ್ಳಾಗುತ್ತದೆ. ನಮ್ಮ ಮನೆಯಲ್ಲಿ ಆ ಇನ್ನೊಬ್ಬರು ಯಾವಾಗಲೂ ನನ್ನಾಕೆ.

“ಕಾರಿಗೆ ಏನಾಗಿದೆ ರೀ?”

“ಅದೇ ನೋಡೋಣ ಅಂತ.”

“ರಿಪೇರಿ ಮಾಡ್ತೀರಾ?”

“ಇಲ್ಲ, ಬರೀ ನೋಡೋದು.”

“ಬರೀ ನೋಡೋಕೆ ಇಷ್ಟೆಲ್ಲ ಬಿಚ್ಚಬೇಕಾ?”

ಈ ಪ್ರಶ್ನೆಗೆ ಉತ್ತರವಿದೆ, ಆದರೆ ಭಾನುವಾರ ಬೆಳಗ್ಗೆ ತಿಂಡಿಗೆ ಮೊದಲು ಹೇಳುವಂಥದ್ದಲ್ಲ. ಅವಳು ಹೋಗಿ ಸೀಟಿನಲ್ಲಿ ಕೂತಳು. ಎತ್ತಿದ ಬಾನೆಟ್ಟು ನಮ್ಮಿಬ್ಬರ ನಡುವೆ ಗೋಡೆಯಾಗಿ ನಿಂತಿತು. ಅವಳಿಗೆ ನಾನು ಕಾಣುವುದಿಲ್ಲ, ನನಗೆ ಅವಳು ಕಾಣುವುದಿಲ್ಲ. ಉಳಿದದ್ದು ಬಾಯಿಮಾತು ಮಾತ್ರ. “ಹೊಡಿ!” ಅಂದರೆ ಹೊಡೆಯಬೇಕು, “ಸಾಕು!” ಅಂದರೆ ನಿಲ್ಲಿಸಬೇಕು. ನಮ್ಮ ದಾಂಪತ್ಯದಲ್ಲಿ ನನ್ನ ಮಾತಿಗೆ ಇಷ್ಟು ತತ್‌ಕ್ಷಣ ಬೆಲೆ ಸಿಗುವ ಸಂದರ್ಭ ಇದೊಂದೇ.

ಗೇಜನ್ನು ಒಂದನೇ ತೂತಿಗೆ ಕೈಯಲ್ಲೇ ತಿರುಗಿಸಿ ಕೂರಿಸಿದೆ. “ಹೊಡಿ!” ಎಂದೆ. ಪ್ಲಗ್ಗಿಲ್ಲದ ಎಂಜಿನ್ನಿನ ಸದ್ದೇ ಬೇರೆ. ದಿನವೂ ಕೇಳುವ ಗುರುಗುಟ್ಟುವಿಕೆ ಇಲ್ಲ. ಖಾಲಿ ತೂತುಗಳಿಂದ ಫುಸ್ ಫುಸ್ ಎಂದು ಉಸಿರು ಬಿಡುತ್ತ ಹಗುರಾಗಿ ತಿರುಗುತ್ತದೆ, ಗೇಜು ಕೂತ ಸಿಲಿಂಡರಿನ ಸರದಿ ಬಂದಾಗಲೊಮ್ಮೆ ಮಾತ್ರ ತುಸು ಎಡವುತ್ತದೆ. ಎಡವಿದಾಗಲೆಲ್ಲ ಮುಳ್ಳು ಒಂದು ಮೆಟ್ಟಿಲು ಹತ್ತುತ್ತದೆ. ಮೊದಲ ನೆಗೆತಕ್ಕೇ 90 ದಾಟಿತು, ಎರಡಕ್ಕೆ 130, ಆಮೇಲೆ 150, 158, 160. ಅಲ್ಲಿ ನಿಂತಿತು. “ಸಾಕು!” ಇಷ್ಟಕ್ಕೆ ಮೂರು ಸೆಕೆಂಡೂ ಬೇಡ, ಆದರೆ ಆ ಏರುವಿಕೆಯನ್ನು ನೋಡುವುದೇ ಈ ಕೆಲಸದ ರಸಘಟ್ಟ. ಅಷ್ಟೇ ಅಲ್ಲ, ಏರುವ ರೀತಿಯಲ್ಲೂ ಸುದ್ದಿಯಿದೆ. ಮೊದಲ ನೆಗೆತ ಕಡಿಮೆಯಿದ್ದು ಆಮೇಲೆ ನಿಧಾನವಾಗಿ ಮೇಲೇರಿದರೆ ರಿಂಗಿನ ಮೇಲೆ ಅನುಮಾನ. ಮೊದಲೂ ಕಡಿಮೆ, ಆಮೇಲೂ ಏರಲು ಮನಸ್ಸಿಲ್ಲ ಎಂದಾದರೆ ವಾಲ್ವಿನ ಮೇಲೆ ಅನುಮಾನ.

ಎರಡನೆಯದು 158 ಬಂತು. ಮೂರನೆಯದಕ್ಕೆ ಹಾಕಿದಾಗ ಮುಳ್ಳು 65ಕ್ಕೆ ನೆಗೆದು, ಒಲ್ಲದ ಮನಸ್ಸಿನಿಂದ ಏರಿ, 112ಕ್ಕೆ ನಿಂತುಬಿಟ್ಟಿತು.

ಪತ್ರಿಕೆಯ ಅಂಚಿನಲ್ಲಿ ಬರೆದುಕೊಂಡೆ: 160, 158, 112. ಈ ಅಂಕಿಗಳನ್ನು ಓದುವ ಕ್ರಮವೇ ಚೆಂದ. ಒಂದು ಅಂಕಿಯನ್ನು ಒಂಟಿಯಾಗಿ ನೋಡಿದರೆ ಅದಕ್ಕೆ ಹೆಚ್ಚು ಅರ್ಥವಿಲ್ಲ. ಒಂದೇ ಮನೆಯಲ್ಲಿ ಇರುವ ಮೂವರು ಅಣ್ಣತಮ್ಮಂದಿರ ಲೆಕ್ಕ ಇದು. ಮೂವರೂ ಸಾಧಾರಣ ದುಡಿಮೆಯವರಾಗಿ ಸರಿಸಮ ಹೊರೆ ಹೊತ್ತರೆ ಸಂಸಾರ ನೆಮ್ಮದಿಯಾಗಿ ಸಾಗುತ್ತದೆ. ಇಬ್ಬರು ಗಟ್ಟಿಯಾಗಿದ್ದು ಒಬ್ಬ ಕೈ ಬಿಟ್ಟರೆ ಇಡೀ ಮನೆ ನಡುಗುತ್ತದೆ. ಎಂಜಿನ್ನೂ ಹಾಗೆಯೇ, ಮೂರೂ 140 ಇದ್ದರೆ ತಕರಾರಿಲ್ಲ, 160 160 112 ಇದ್ದರೆ ಸಿಗ್ನಲ್ಲಿನಲ್ಲಿ ಸ್ಟಿಯರಿಂಗ್ ಹಿಡಿದ ಕೈ ನಡುಗುತ್ತದೆ. ಅತಿ ಹೆಚ್ಚಿನದರ ಮುಕ್ಕಾಲು ಪಾಲಿಗಿಂತ ಅತಿ ಕಡಿಮೆಯದು ಇಳಿಯಬಾರದು ಎಂಬುದು ಗ್ಯಾರೇಜುಗಳಲ್ಲಿ ನಡೆದುಬಂದ ಅಳತೆ. 160ರ ಮುಕ್ಕಾಲು 120. ನನ್ನ ಮೂರನೆಯವನು ಆ ಗೆರೆಯ ಕೆಳಗಿದ್ದ. ಅಕ್ಕಪಕ್ಕದ ಇಬ್ಬರು ಒಟ್ಟಿಗೇ ಇಳಿದಿದ್ದರೆ ಅವರ ನಡುವಿನ ಗೋಡೆ ಬಿದ್ದಿದೆ ಎಂದು ತಿಳಿಯಬೇಕಿತ್ತು. ಹೆಡ್ ಗ್ಯಾಸ್ಕೆಟ್ ಹೊಡೆದಾಗ ಹಾಗಾಗುತ್ತದೆ. ಒಬ್ಬನದು ವಿಪರೀತ ಏರಿದ್ದರೂ ಹಿಗ್ಗಬೇಕಾಗಿಲ್ಲ. ಒಳಗೆ ಇಂಗಾಲ ಕಟ್ಟಿಕೊಂಡು ಜಾಗ ಕಿರಿದಾದಾಗಲೂ ಅಂಕಿ ಏರುತ್ತದೆ.

ಊರಿಗೆ ತಕ್ಕಂತೆ ಈ ಅಂಕಿ ಬದಲಾಗುತ್ತದೆ ಎಂಬುದು ನನಗೆ ಇಷ್ಟವಾದ ಇನ್ನೊಂದು ವಿಷಯ. ಎಂಜಿನ್ ಒತ್ತುವುದು ಸುತ್ತಲಿನ ಗಾಳಿಯನ್ನೇ ತಾನೆ? ಸಮುದ್ರದ ಮಗ್ಗುಲಿನ ಮಂಗಳೂರಿನಲ್ಲಿ ಗಾಳಿ ದಟ್ಟ. 760 ಮೀಟರಿನಷ್ಟು ಎತ್ತರದ ಮೈಸೂರಿನಲ್ಲಿ ಹೆಚ್ಚುಕಡಿಮೆ ನೂರಕ್ಕೆ ಒಂಬತ್ತು ಪಾಲು ತೆಳು. ಮಡಿಕೇರಿಯಲ್ಲಿ ಇನ್ನೂ ತೆಳು. ಮೈಸೂರಿನಲ್ಲಿ 160 ತೋರಿಸುವ ಸಿಲಿಂಡರು ಮಂಗಳೂರಿಗೆ ಇಳಿದರೆ 175ರ ಹತ್ತಿರ ಹೋಗುತ್ತದೆ, ಮಡಿಕೇರಿ ಹತ್ತಿದರೆ 152ರ ಸುತ್ತ ನಿಲ್ಲುತ್ತದೆ. ಎಂಜಿನ್ನಿನಲ್ಲಿ ಏನೂ ಬದಲಾಗಿರುವುದಿಲ್ಲ. ಕರಾವಳಿಯ ಭಾವಮೈದುನ ಫೋನಿನಲ್ಲಿ ತನ್ನ ಕಾರಿನ ಅಂಕಿ ಹೇಳಿ ಜಂಬ ಕೊಚ್ಚಿದರೆ ನಾವು ಘಟ್ಟದ ಮೇಲಿನವರು ತಲೆ ತಗ್ಗಿಸಬೇಕಾಗಿಲ್ಲ.

ಇನ್ನೂ ಒಂದು ಸ್ವಾರಸ್ಯ ಇದೆ. ಮೈಸೂರಿನ ಗಾಳಿಯ ಒತ್ತಡ ಸುಮಾರು 13 ಪಿಎಸ್‌ಐ. ಎಂಟು-ಒಂಬತ್ತು ಪಟ್ಟು ಒತ್ತಿದರೆ ಗೇಜಿನಲ್ಲಿ ನೂರರ ಆಸುಪಾಸು ಬರಬೇಕು. 160 ಎಲ್ಲಿಂದ ಬಂತು? ಶಾಖದಿಂದ. ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದವರಿಗೆ ಅದರ ಬುಡ ಬಿಸಿಯಾಗುವುದು ಗೊತ್ತು. ಗಾಳಿಯನ್ನು ಸರಕ್ಕನೆ ಒತ್ತಿದರೆ ಅದು ಕಾಯುತ್ತದೆ, ಕಾದ ಗಾಳಿ ಇನ್ನಷ್ಟು ಜೋರಾಗಿ ಒತ್ತುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಇದನ್ನೇ ತುದಿಗೊಯ್ದು ಕಿಡಿಯಿಲ್ಲದೆಯೇ ಬೆಂಕಿ ಹೊತ್ತಿಸುತ್ತಾರೆ. ಅಲ್ಲಿ ಒತ್ತಡ 400 ಪಿಎಸ್‌ಐ ಸುತ್ತ ಇರುತ್ತದೆ. ಆದ್ದರಿಂದ ಪೆಟ್ರೋಲ್ ಕಾರಿನ ಗೇಜನ್ನು ಡೀಸೆಲ್ ಗಾಡಿಗೆ ತಪ್ಪಿಯೂ ಹಾಕಬಾರದು.

ಮೂರನೆಯವನು ಸೋತಿದ್ದಾನೆ ಎಂದಾಯಿತು. ಯಾವ ಬಾಗಿಲು ಎಂಬುದು ಇನ್ನೂ ತಿಳಿಯಬೇಕು. ಅದಕ್ಕೆ ಐದು ಮಿಲಿಲೀಟರ್ ಎಂಜಿನ್ ಆಯಿಲ್ ಸಾಕು. ಕೆಮ್ಮಿನ ಸಿರಪ್ಪಿನ ಜೊತೆ ಬರುವ ಗೆರೆ ಎಳೆದ ಮುಚ್ಚಳ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಮೂರನೇ ತೂತಿಗೆ ಅಷ್ಟು ಆಯಿಲ್ ಬಿಟ್ಟು, ಅದು ಪಿಸ್ಟನ್ನಿನ ಸುತ್ತ ಹರಡಲು ಎಂಜಿನನ್ನು ಒಂದೆರಡು ಸುತ್ತು ತಿರುಗಿಸಿ, ಮತ್ತೆ ಗೇಜು ಹಾಕಬೇಕು. ರಿಂಗು ಸವೆದಿದ್ದರೆ ಆಯಿಲ್ ಆ ಸಂದನ್ನು ಸ್ವಲ್ಪ ಹೊತ್ತು ಮುಚ್ಚಿ ಮುಳ್ಳು ಚೆನ್ನಾಗಿ ಮೇಲೇರುತ್ತದೆ. ವಾಲ್ವು ಮೇಲಿರುವುದರಿಂದ ಅದಕ್ಕೆ ಈ ಆಯಿಲಿನಿಂದ ಏನೂ ಪ್ರಯೋಜನವಿಲ್ಲ. ದೋಷ ಅಲ್ಲಿದ್ದರೆ ಮುಳ್ಳು ಇದ್ದಲ್ಲೇ ಇರುತ್ತದೆ.

“ಹೊಡಿ!”

“ಇನ್ನೆಷ್ಟು ಸಲ ರೀ? ಇಡ್ಲಿ ಆರಿಹೋಗ್ತಿದೆ.”

ಮುಳ್ಳು 115ಕ್ಕೆ ನಿಂತಿತು. ಸಾಕಷ್ಟೇ. ರಿಂಗು ಆರೋಪಮುಕ್ತವಾಯಿತು. ಬೋರಿಂಗು, ಹೊಸ ಪಿಸ್ಟನ್ನು, ಇಳಿಸುವ ಎಂಜಿನ್ನು, ಆ ಇಡೀ ಎಸ್ಟಿಮೇಟು ಒಂದು ಮುಚ್ಚಳ ಆಯಿಲಿನಲ್ಲಿ ಮುಳುಗಿಹೋಯಿತು.

ಈ ಆಯಿಲಿನ ಪರೀಕ್ಷೆ ತಿಳಿದವರಿಗೆ ಹಳೆಯ ಕಾರು ಮಾರುವವರ ಒಂದು ಕೈಚಳಕವೂ ಅರ್ಥವಾಗುತ್ತದೆ. ರಿಂಗು ಸವೆದ ಗಾಡಿಗೆ ದಪ್ಪನೆಯ ಆಯಿಲ್ ತುಂಬಿಸಿ ನಿಲ್ಲಿಸಿರುತ್ತಾರೆ. ದಪ್ಪ ಆಯಿಲ್ ಸಂದು ಮುಚ್ಚುತ್ತದೆ, ಹೊಗೆ ಕಡಿಮೆಯಾಗುತ್ತದೆ, ಗಾಡಿ ನಾಲ್ಕು ದಿನ ಸಂಭಾವಿತನಂತೆ ಇರುತ್ತದೆ. ಕೊಳ್ಳುವವರಲ್ಲಿ ಪಳಗಿದವರು ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡುತ್ತಾರೆ. ಅಲ್ಲಿಂದ ಗಪಗಪನೆ ಹೊಗೆ ಎದ್ದರೆ “ಬ್ಯಾಕ್ ಕಂಪ್ರೆಷನ್ ಇದೆ, ಬೇಡ ಬನ್ನಿ” ಎಂದು ನಮ್ಮ ತೋಳು ಹಿಡಿದು ಎಳೆಯುತ್ತಾರೆ. ರಿಂಗು ದಾಟಿ ಕೆಳಗಿಳಿದ ಒತ್ತಡವೇ ಅದು. ಅಂಥವರೊಬ್ಬರು ಜೊತೆಗಿದ್ದರೆ ಒಳ್ಳೆಯದು, ಗೇಜೂ ಇದ್ದರೆ ಇನ್ನೂ ಒಳ್ಳೆಯದು.

ವಾಲ್ವಿನ ಮೇಲಿನ ಅನುಮಾನವನ್ನು ಗಟ್ಟಿ ಮಾಡಿಕೊಳ್ಳಲು ಕಿವಿಯ ಪರೀಕ್ಷೆ ಒಂದಿದೆ. ಆ ಸಿಲಿಂಡರಿನ ಪಿಸ್ಟನನ್ನು, ಎರಡೂ ವಾಲ್ವು ಮುಚ್ಚಿರುವ ಹೊತ್ತಿನಲ್ಲಿ, ತುತ್ತತುದಿಗೆ ತಂದು ನಿಲ್ಲಿಸಿ, ಗಾಡಿ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಪ್ಲಗ್ಗಿನ ತೂತಿನಿಂದ ಕಂಪ್ರೆಸರಿನ ಗಾಳಿ ಬಿಡುವುದು. ಮನೆಯಲ್ಲಿ ಕಂಪ್ರೆಸರ್ ಇರುವುದಿಲ್ಲ. ಪಂಕ್ಚರ್ ಅಂಗಡಿಯಲ್ಲಿ ಇರುತ್ತದೆ. ಗಾಳಿ ಎಲ್ಲಿಂದ ಸುಯ್ ಎಂದು ಹೊರಡುತ್ತದೋ ಅಲ್ಲೇ ಕಳ್ಳ. ಕಾರ್ಬ್ಯುರೇಟರಿನ ಬಾಯಲ್ಲಿ ಕೇಳಿದರೆ ಒಳಗೆಳೆಯುವ ವಾಲ್ವು. ಸೈಲೆನ್ಸರಿನ ತುದಿಯಲ್ಲಿ ಕೇಳಿದರೆ ಹೊಗೆ ಬಿಡುವ ವಾಲ್ವು. ಆಯಿಲ್ ಮುಚ್ಚಳದ ಬಳಿ ಕೇಳಿದರೆ ರಿಂಗು. ರೇಡಿಯೇಟರಿನ ನೀರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಗ್ಯಾರೇಜಿನವರು ಇದನ್ನು ಎರಡು ಮುಳ್ಳಿನ ಗೇಜಿನಿಂದ ಅಳೆದು ನೂರಕ್ಕೆ ಎಷ್ಟು ಪಾಲು ಸೋರುತ್ತಿದೆ ಎಂದೂ ಹೇಳಬಲ್ಲರು. ಪಂಕ್ಚರ್ ಅಂಗಡಿಯ ಹುಡುಗ, ಅಂಗಡಿಗೆ ಬಂದ ಗಿರಾಕಿ ಟಯರು ತೋರಿಸದೆ ಸೈಲೆನ್ಸರಿಗೆ ಕಿವಿ ಕೊಟ್ಟು ಕುಕ್ಕರಗಾಲಲ್ಲಿ ಕೂತದ್ದನ್ನು ಬಹಳ ಸಹನೆಯಿಂದ ನೋಡಿದ. ಸುಯ್ ಎಂಬ ಸದ್ದು ಅಲ್ಲೇ ಇತ್ತು.

ಹುಣಸೆ ಮರದ ಕೆಳಗಿನ ಮೇಸ್ತ್ರಿಯವರಿಗೆ ಅಂಕಿಗಳ ಚೀಟಿ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. “ಆಯಿಲ್ ಬಿಟ್ಟು ನೋಡಿದ್ರಾ?” ಎಂದರು. ನೋಡಿದೆ ಅಂದೆ. “ಹಂಗಾದ್ರೆ ಮೊದ್ಲು ಟ್ಯಾಪೆಟ್ ನೋಡಣ” ಎಂದು ಮೇಲಿನ ಕವರು ಬಿಚ್ಚಿ, ಫೀಲರ್ ಗೇಜಿನ ಎಲೆಗಳನ್ನು ಬಿಡಿಸಿದರು. ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಬಿಸಿಗೆ ವಾಲ್ವಿನ ಕಡ್ಡಿ ಉದ್ದವಾಗುವುದಕ್ಕೆ ಬಿಟ್ಟ ಜಾಗ ಅದು. ಮೂರನೇ ಸಿಲಿಂಡರಿನ ಹೊಗೆಯ ವಾಲ್ವಿನಲ್ಲಿ ಎಲೆ ತೂರಲೇ ಇಲ್ಲ. ಕಾಲಕ್ರಮದಲ್ಲಿ ವಾಲ್ವು ತನ್ನ ಸೀಟಿನಲ್ಲಿ ಸವೆದು ಕೂತು, ಸಂದು ಮುಚ್ಚಿಹೋಗಿ, ಎಂಜಿನ್ ಬಿಸಿಯಾದಾಗ ಅದು ಪೂರ್ತಿ ಮುಚ್ಚಲಾರದೆ ಉಳಿಯುತ್ತಿತ್ತು. “ಟ್ಯಾಪೆಟ್ ಸದ್ದು ಮಾಡಿದ್ರೆ ಹೆದ್ರಬ್ಯಾಡಿ ಸಾರ್, ಸದ್ದು ಮಾಡದೆ ಕೂತ್ರೆ ಹೆದ್ರಿ” ಎಂದರು ಮೇಸ್ತ್ರಿ. ಹಾಗೇ ಓಡಿಸುತ್ತ ಹೋಗಿದ್ದರೆ ವಾಲ್ವಿನ ಅಂಚು ಸುಟ್ಟು, ಹೆಡ್ಡು ಬಿಚ್ಚುವ ಕೆಲಸ ಬರುತ್ತಿತ್ತು. ಸಂದು ಸರಿಮಾಡಿ, ಮತ್ತೆ ಗೇಜು ಹಾಕಿದಾಗ ಮೂರನೆಯದು 152 ತೋರಿಸಿತು. ಅವರು ಕೇಳಿದ ಕೂಲಿ ನೂರರ ಲೆಕ್ಕದಲ್ಲಿತ್ತು. ಗ್ಯಾರೇಜಿನ ಎಸ್ಟಿಮೇಟು ಹತ್ತಾರು ಸಾವಿರದ ಲೆಕ್ಕದಲ್ಲಿತ್ತು.

ಈಚಿನ ಕಾರುಗಳಲ್ಲಿ ಬಾನೆಟ್ ಎತ್ತಿದರೆ ಒಂದು ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ, ಎಂಜಿನ್ ಕಾಣುವುದಿಲ್ಲ. ಬದಲಿಗೆ ಕಂಪ್ಯೂಟರ್ ಇದೆ. ಸ್ಕ್ಯಾನರ್ ಚುಚ್ಚಿದರೆ ಪಿ0303 ಎಂಬ ಕೋಡ್ ತೋರಿಸುತ್ತದೆ. ಮೂರನೇ ಸಿಲಿಂಡರು ಮಿಸ್ ಹೊಡೆಯುತ್ತಿದೆ ಎಂದು ಅದರ ಅರ್ಥ. ಆದರೆ ಪ್ಲಗ್ಗಿನಿಂದಲೋ, ಕಾಯಿಲಿನಿಂದಲೋ, ಇಂಜೆಕ್ಟರಿನಿಂದಲೋ, ವಾಲ್ವಿನಿಂದಲೋ ಎಂದು ಆ ಕೋಡ್ ಹೇಳದು. ಕೊನೆಗೆ ಗೇಜನ್ನೇ ಹಾಕಬೇಕು. ವ್ಯತ್ಯಾಸವಿಷ್ಟೇ: ಇಂಜೆಕ್ಷನ್ ಕಾರಿನಲ್ಲಿ ಕಾಯಿಲುಗಳ ಜೊತೆಗೆ ಪೆಟ್ರೋಲ್ ಪಂಪಿನ ಫ್ಯೂಸನ್ನೂ ತೆಗೆದಿಡಬೇಕು, ಕಂಪನಿಯ ಪುಸ್ತಕದಲ್ಲಿ ಹೇಳಿದ ಒತ್ತಡವನ್ನು ಮೊದಲೇ ನೋಡಿಟ್ಟುಕೊಳ್ಳಬೇಕು. ಪ್ಲಗ್ಗುಗಳನ್ನು ವಾಪಸು ಹಾಕುವಾಗ ಎಲ್ಲ ಕಾರಿಗೂ ಒಂದೇ ನಿಯಮ. ಮೊದಲ ಸುತ್ತುಗಳನ್ನು ಬೆರಳಲ್ಲೇ ತಿರುಗಿಸಬೇಕು, ಸ್ಪ್ಯಾನರಿಗೆ ಕಡೆಯ ಬಿಗಿ ಮಾತ್ರ.

ನನ್ನಾಕೆಯ ಪ್ರಶ್ನೆಗೆ ಉತ್ತರವನ್ನು ಇಡ್ಲಿ ತಿಂದಾದ ಮೇಲೆ ಹೇಳಿದೆ. ಬಿಚ್ಚಿದ್ದು ಎಂಜಿನನ್ನಲ್ಲ, ಮೂರು ಪ್ಲಗ್ಗು ಮಾತ್ರ. ಎಂಜಿನ್ ಬಿಚ್ಚದೆ ಅದರ ಒಳಗು ತಿಳಿಯಲಿ ಎಂದೇ ಇಷ್ಟೆಲ್ಲ. ರಿಪೇರಿ ಮಾಡುವವರು ಬೇರೆ ಇದ್ದಾರೆ, ಅವರ ಕೈಯ ಕೆಲಸ ನನಗೆ ಬಾರದು, ಬರಬೇಕಾಗಿಯೂ ಇಲ್ಲ. ಏನಾಗಿದೆ ಎಂದು ತಿಳಿಯುವುದು ಮಾತ್ರ ಕಾರು ಇಟ್ಟುಕೊಂಡವನ ಕೆಲಸ. ಅದನ್ನೂ ಬೇರೆಯವರಿಗೆ ಬಿಟ್ಟರೆ ಅವರು ಹೇಳಿದ ಬೆಲೆಗೆ ತಲೆ ಆಡಿಸುವುದಷ್ಟೇ ಉಳಿಯುತ್ತದೆ.

ಆದ್ದರಿಂದ, ಹಳೆಯ ಕಾರಿನ ಒಡೆಯರೇ, ಯಾರಾದರೂ ಎಂಜಿನ್ ಇಳಿಸಬೇಕು ಎಂದರೆ ಜಗಳ ಆಡಬೇಡಿ, ಒಪ್ಪಿಕೊಳ್ಳಲೂ ಬೇಡಿ. ಕಂಪ್ರೆಷನ್ ಎಷ್ಟಿದೆ ಎಂದು ಕೇಳಿ. ಮೂರು ಸಿಲಿಂಡರಿನ ಗಾಡಿಗೆ ಮೂರು ಅಂಕಿ, ನಾಲ್ಕರದ್ದಕ್ಕೆ ನಾಲ್ಕು, ಒಣಗಿದ್ದಾಗ ಎಷ್ಟು, ಆಯಿಲ್ ಬಿಟ್ಟ ಮೇಲೆ ಎಷ್ಟು, ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಸಾಧ್ಯವಾದರೆ ನೀವೇ ನೋಡಿ ಬರೆದುಕೊಳ್ಳಿ. ಸೌಂಡಿನಲ್ಲೇ ಗೊತ್ತಾಗುತ್ತದೆ ಎನ್ನುವವರಿಗೆ ಎಂಜಿನ್ ಕೊಡಬೇಡಿ.